ಬಾಂಗ್ಡೆಯ ಕಿವಿರು ನೋಡಿದ ಹಾಗೆ: ಕಾರವಾರದವರಿಗೆ ಕ್ರಾಫ್ಟ್ ಬಿಯರ್ ದಾರಿ

ರಜೆಗೆ ಬರುವ ಬೆಂಗಳೂರಿನ ಗೆಳೆಯರು ಟ್ಯಾಗೋರ್ ಬೀಚಿನ ಮರಳಲ್ಲಿ ಕೂತು ಎರಡು ಪ್ರಶ್ನೆ ಕೇಳುತ್ತಾರೆ. ಒಳ್ಳೆ ಮೀನೂಟ ಎಲ್ಲಿ? ಒಳ್ಳೆ ಕ್ರಾಫ್ಟ್ ಬಿಯರ್ ಎಲ್ಲಿ? (ಕ್ರಾಫ್ಟ್ ಅಂದರೆ ಸಣ್ಣ ಪ್ರಮಾಣದಲ್ಲಿ, ರುಚಿಗೆಂದೇ ತಯಾರಿಸುವ ಬಿಯರ್.) ಮೊದಲನೆಯದಕ್ಕೆ ನನ್ನ ಹತ್ತಿರ ಹತ್ತು ಉತ್ತರ ಇವೆ. ಎರಡನೆಯದಕ್ಕೆ ಸ್ವಲ್ಪ ಹೊತ್ತು ಸಮುದ್ರ ನೋಡುತ್ತೇನೆ. ಊರಲ್ಲೇ ಟ್ಯಾಂಕ್ ಇಟ್ಟುಕೊಂಡು ಬಿಯರ್ ತಯಾರಿಸಿ ಕೊಡುವ ಪಬ್ಬನ್ನು ನಾನಂತೂ ಕಾರವಾರದಲ್ಲಿ ನೋಡಿಲ್ಲ, ಶಿರಸಿಯಲ್ಲೂ ನೋಡಿಲ್ಲ. ಹಾಗಾಗಿ "ಟಾಪ್ ಹತ್ತು ಪಬ್" ಅಂತ ಪಟ್ಟಿ ಕೊಡಲು ನನ್ನಿಂದ ಆಗದು.

ಆದರೆ ನಮಗೆ ಒಂದು ಅನುಕೂಲ ಇದೆ. ಒಂದು ಗಂಟೆ ರೈಲಲ್ಲಿ ಕೂತರೆ ಗೋವಾ. ಒಂದು ರಾತ್ರಿ ಮಲಗಿದರೆ ಬೆಂಗಳೂರು. ಇನ್ನೊಂದು ಅನುಕೂಲವೂ ಇದೆ, ಅದು ಬೆಂಗಳೂರಿನವರಿಗೆ ಇಲ್ಲ. ನಾವು ಮೀನು ಮಾರ್ಕೆಟ್ಟಿನಲ್ಲಿ ಬೆಳೆದವರು. ಬಾಂಗ್ಡೆಯ ಕಿವಿರು ಎತ್ತಿ ನೋಡದೆ ದುಡ್ಡು ಕೊಡುವವರಲ್ಲ. ಬಿಯರ್‌ಗೂ ಬೇಕಾದ್ದು ಅದೇ ಕಣ್ಣು, ಅದೇ ಮೂಗು.

ಮೊದಲೇ ಹೇಳಿಬಿಡುತ್ತೇನೆ: ಈ ಬರಹ 21 ವರ್ಷ ತುಂಬಿದವರಿಗೆ. ಕುಡಿಯದವರು ಮೀನಿನ ಭಾಗ ಓದಿಕೊಂಡು ಮುಂದೆ ಹೋಗಬಹುದು.

ಮೊದಲು, ಏನು ಹುಡುಕುತ್ತಿದ್ದೀರಿ ಅಂತ ತಿಳಿದುಕೊಳ್ಳಿ

ಬಿಯರ್ ಅಂದರೆ ನಾಲ್ಕೇ ಸಾಮಾನು. ನೀರು, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಅಂದರೆ ಮಾಲ್ಟ್, ಕಹಿಗೆ ಮತ್ತು ಪರಿಮಳಕ್ಕೆ ಹಾಪ್ಸ್ ಅನ್ನುವ ಬಳ್ಳಿಯ ಹೂ, ಹುದುಗಿಸಲು ಯೀಸ್ಟ್. ನಮ್ಮ ಬಾರುಗಳಲ್ಲಿ ಸಿಗುವ ದೊಡ್ಡ ಕಂಪನಿಗಳ ಬಾಟಲಿ ಹೆಚ್ಚೂಕಡಿಮೆ ಎಲ್ಲ ಲಾಗರ್. ತಣ್ಣಗಿನ ಟ್ಯಾಂಕಿನಲ್ಲಿ ನಿಧಾನಕ್ಕೆ ಹುದುಗಿಸಿದ, ತಿಳಿಯಾದ, ಹೆಚ್ಚು ರುಚಿ ತೋರಿಸದ ಬಿಯರ್ ಅದು. ಏಲ್ ಅನ್ನುವುದು ಇನ್ನೊಂದು ಜಾತಿ. ಅದು 20 ಡಿಗ್ರಿ ಆಸುಪಾಸಿನ ಬೆಚ್ಚಗಿನಲ್ಲಿ ಬೇಗ ಹುದುಗುತ್ತದೆ. ಮೇ ತಿಂಗಳಲ್ಲಿ ದೋಸೆ ಹಿಟ್ಟು ಬೇಗ ಉಬ್ಬುತ್ತದಲ್ಲ, ಅದೇ ಲೆಕ್ಕ. ಹೀಗೆ ಬೆಚ್ಚಗೆ ಹುದುಗುವಾಗ ಯೀಸ್ಟು ಹಣ್ಣಿನ, ಮಸಾಲೆಯ ವಾಸನೆ ಬಿಡುತ್ತದೆ. ಕ್ರಾಫ್ಟ್ ಬಿಯರಿನ ಮಜಾ ಬಹುಪಾಲು ಇಲ್ಲೇ ಇರುವುದು.

ಲಾಗರ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಬೇಸಿಗೆ ಮಧ್ಯಾಹ್ನ, ಬೆವರು ಸುರಿಯುತ್ತಿರುವಾಗ, ಒಂದು ತಣ್ಣನೆ ಲಾಗರ್ ಮುಂದೆ ಯಾವ ಐಪಿಎಯೂ (ಹಾಪ್ಸ್ ಜಾಸ್ತಿ ಹಾಕಿದ ಕಹಿ ಏಲ್) ನಿಲ್ಲುವುದಿಲ್ಲ. ನನಗೆ ಬೇಡವಾದದ್ದು "ಸ್ಟ್ರಾಂಗ್". ನಮ್ಮ ದೇಶದ ನಿಯಮದಲ್ಲಿ ಶೇ. 5ರಿಂದ 8ರವರೆಗೆ ಆಲ್ಕೋಹಾಲ್ ಇದ್ದರೆ ಅದು ಸ್ಟ್ರಾಂಗ್. 650 ಎಂಎಲ್‌ನ ಒಂದು ಬಾಟಲಿಯಲ್ಲಿ ಶೇ. 8 ಇದ್ದರೆ 52 ಎಂಎಲ್ ಶುದ್ಧ ಆಲ್ಕೋಹಾಲ್ ಹೊಟ್ಟೆಗೆ ಹೋಯಿತು. ಶೇ. 5ರ ಗೋಧಿ ಬಿಯರಿನ 330 ಎಂಎಲ್ ಬಾಟಲಿಯಲ್ಲಿ ಇರುವುದು 16.5 ಎಂಎಲ್. ಅಂದರೆ ಆ ಒಂದಕ್ಕೆ ಇವು ಮೂರು ಸಮ. ನಮ್ಮ ಕಡೆ "ಕಮ್ಮಿ ದುಡ್ಡಿಗೆ ಏರಬೇಕು" ಅನ್ನುವ ಲೆಕ್ಕದಲ್ಲಿ ಸ್ಟ್ರಾಂಗ್ ಓಡುತ್ತದೆ. ಏರಿಸಿಕೊಳ್ಳುವುದೇ ಉದ್ದೇಶವಾದರೆ ಈ ಬರಹ ನಿಮ್ಮ ಕೆಲಸಕ್ಕೆ ಬಾರದು.

ಬೆಂಗಳೂರಿನ ಪಬ್ಬಿನ ಟ್ಯಾಂಕ್ ಬಿಯರ್ ಕಾರವಾರಕ್ಕೆ ಯಾಕೆ ಬರುವುದಿಲ್ಲ? ಬಾಟಲಿ ಬಿಯರನ್ನು ಸಾಮಾನ್ಯವಾಗಿ ಬಿಸಿ ಮಾಡಿ ಯೀಸ್ಟು, ಸೂಕ್ಷ್ಮಜೀವಿಗಳನ್ನು ಸಾಯಿಸಿ ತಿಂಗಳುಗಟ್ಟಲೆ ಬಾಳುವಂತೆ ಮಾಡುತ್ತಾರೆ. ಪಬ್ಬಿನ ಬಿಯರಿಗೆ ಆ ಕೆಲಸ ಮಾಡುವುದಿಲ್ಲ. ಅದು ದೋಣಿಯಿಂದ ಈಗಷ್ಟೇ ಇಳಿದ ಮೀನು. ಐಸ್ ತಪ್ಪಿದರೆ ಕೆಟ್ಟಿತು. ಮೀನು ದೋಣಿಯ ಹತ್ತಿರ ಹೋಗಿ ತಿನ್ನಬೇಕು, ಈ ಬಿಯರನ್ನು ಟ್ಯಾಂಕಿನ ಹತ್ತಿರ ಹೋಗಿ ಕುಡಿಯಬೇಕು.

ಊರಿನ ಫ್ರಿಜ್ಜಿನಿಂದಲೇ ಶುರು ಮಾಡಿ

ಪ್ರಯಾಣಕ್ಕೆ ಮುಂಚೆ ನಾಲಿಗೆ ಪಳಗಲಿ. ಕಾರವಾರ, ಕುಮಟಾ, ಶಿರಸಿ, ಎಲ್ಲೇ ಇರಿ, ಸ್ವಲ್ಪ ದೊಡ್ಡ ವೈನ್ ಶಾಪಿನ ಫ್ರಿಜ್ಜಿನ ಕೆಳಗಿನ ಸಾಲಿನಲ್ಲಿ ಒಂದೆರಡು ಗೋಧಿ ಬಿಯರ್ ಸಿಕ್ಕೀತು. ಹೂಗಾರ್ಡನ್, ಇಂಥವು. ಗೋಕರ್ಣದ ಕಡೆ ಪ್ರವಾಸಿಗಳು ಜಾಸ್ತಿ, ಅಲ್ಲಿ ವಿಚಾರಿಸುವುದಕ್ಕೂ ಅಡ್ಡಿಯಿಲ್ಲ. ವೈನ್ ಶಾಪಿನಲ್ಲಿ ಬರೀ ಕೊಳ್ಳುವುದು, ಅಲ್ಲೇ ನಿಂತು ಕುಡಿಯುವ ಹಾಗಿಲ್ಲ. ಬೀಚಿನ ಮರಳಲ್ಲೂ ಬೇಡ. ಗಾಜಿನ ಚೂರಿಗೆ ಬರಿಗಾಲು ಕೊಟ್ಟವರಿಗೆ ಗೊತ್ತು ಆ ಸುಖ.

ಈಗ ಕಿವಿರು ನೋಡುವ ಕೆಲಸ. ಬಾಟಲಿ ತಿರುಗಿಸಿ ತಯಾರಾದ ತಾರೀಕು ಓದಿ. ಮೂರು ತಿಂಗಳೊಳಗಿನದಾದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಆರು ತಿಂಗಳ ಹತ್ತಿರ ಬಂದಿದ್ದರೆ ಬಿಟ್ಟುಬಿಡಿ, ಅದರಲ್ಲೂ ಹಾಪ್ಸ್ ಜಾಸ್ತಿ ಇರುವ ಐಪಿಎ ಆದರೆ ಖಂಡಿತ ಬೇಡ. ಹಾಪ್ಸಿನ ಪರಿಮಳ ಮೊದಲು ಹಾರಿಹೋಗುತ್ತದೆ, ಕಹಿ ಮಾತ್ರ ಉಳಿಯುತ್ತದೆ. ಆಮೇಲೆ ಬಾಟಲಿಯ ಬಣ್ಣ. ಬಿಸಿಲು ತಾಗಿದರೆ ಹಾಪ್ಸಿನ ಅಂಶ ಕೆಟ್ಟು ಒಂಥರಾ ನಾತ ಬರುತ್ತದೆ. ಕಂದು ಬಾಟಲಿ ಬೆಳಕು ತಡೆಯುತ್ತದೆ, ಹಸಿರು ಅಷ್ಟಾಗಿ ತಡೆಯುವುದಿಲ್ಲ, ಬಿಳಿ ಗಾಜು ತಡೆಯುವುದೇ ಇಲ್ಲ. ಅಂಗಡಿಯ ಮುಂದಿನ ಗಾಜಿನ ಶೋಕೇಸಿನಲ್ಲಿ ಬಿಸಿಲು ಕಾಯುತ್ತಾ ನಿಂತ ಹಸಿರು ಬಾಟಲಿಯನ್ನು ಮುಟ್ಟಬೇಡಿ. ಕ್ಯಾನ್ ಸಿಕ್ಕರೆ ಕ್ಯಾನೇ ಒಳ್ಳೆಯದು.

ಈ ಪಾಠ ನಾನು ದುಡ್ಡು ಕೊಟ್ಟು ಕಲಿತದ್ದು. ಒಮ್ಮೆ ನಮ್ಮ ಕರಾವಳಿಯ ಒಂದು ಶ್ಯಾಕಿನಲ್ಲಿ, ಅಂದರೆ ಬೀಚಿನ ಗುಡಿಸಲು ಹೋಟೆಲಿನಲ್ಲಿ, ಐಪಿಎ ಇದೆ ಅಂದಾಗ ಹಾರಿಬಿದ್ದು ತರಿಸಿದೆ. ಒಂದು ಗುಟುಕು. ಮಳೆಗಾಲದಲ್ಲಿ ನೆನೆದ ರಟ್ಟಿನ ಪೆಟ್ಟಿಗೆ ಬಾಯಲ್ಲಿ ಇಟ್ಟ ಹಾಗಾಯಿತು. ಬಿಯರಿಗೆ ಆಮ್ಲಜನಕ ತಾಗಿ ಹಳತಾದಾಗ ಬರುವ ರುಚಿಯೇ ಅದು, ರಟ್ಟಿನ ರುಚಿ. ಬಾಟಲಿ ತಿರುಗಿಸಿದರೆ ಏಳು ತಿಂಗಳು ಕಳೆದಿತ್ತು. "ಕ್ರಾಫ್ಟ್ ಬಿಯರ್ ಹಾಗೇ ಇರುತ್ತದೆ ಸರ್" ಅಂದ ಹುಡುಗ. ಪಾಪ, ಅವನಿಗೂ ಯಾರೋ ಹಾಗೇ ಹೇಳಿಕೊಟ್ಟಿರಬೇಕು. ಮೀನು ನಾರುತ್ತಿದೆ ಅಂದರೆ "ಮೀನು ಹಾಗೇ ಇರುತ್ತದೆ" ಅಂತ ಯಾರಾದರೂ ಅಂದರೆ ನಾವು ಸುಮ್ನೆ ಇರುತ್ತೇವಾ?

ಮೂಗಿಗೆ ಗೊತ್ತಿರುವ ಹೆಸರು ಕೊಡಿ

ಪಬ್ಬಿನ ಮೆನುವಿನಲ್ಲಿ ಜರ್ಮನ್, ಬೆಲ್ಜಿಯನ್ ಹೆಸರುಗಳ ಸಾಲು ನೋಡಿ ಗಾಬರಿ ಆಗುವುದು ಸಹಜ. ನಾನು ನಮ್ಮ ಮನೆಯ ವಾಸನೆಗಳಿಗೆ ಗಂಟು ಹಾಕಿಕೊಂಡು ಕಲಿತೆ.

ವಿಟ್ ಅಂದರೆ ಬೆಲ್ಜಿಯಂ ಕಡೆಯ ಗೋಧಿ ಬಿಯರ್. ಅದಕ್ಕೆ ಕಿತ್ತಳೆ ಸಿಪ್ಪೆ ಮತ್ತು ಕೊತ್ತಂಬರಿ ಬೀಜ ಹಾಕುತ್ತಾರೆ. ಶಿರಸಿಯ ಗೆಳೆಯನೊಬ್ಬನಿಗೆ ಮೊದಲ ಸಲ ಕೊಟ್ಟಾಗ ಅವನು ಮೂಸಿ, "ಇದ್ರಲ್ಲಿ ಕಷಾಯದ ಪುಡಿ ವಾಸ್ನೆ ಬತ್ತಲ ಮಾರಾಯಾ" ಅಂದ. ಸರಿಯಾಗೇ ಹೇಳಿದ. ಶಿರಸಿ ಕಡೆಯ ಕಷಾಯದ ಪುಡಿಯಲ್ಲಿ ಹುರಿದ ಕೊತ್ತಂಬರಿ ಇಲ್ಲದೆ ಇರುತ್ತದಾ? ಹೊಸಬರು ಶುರು ಮಾಡಬೇಕಾದ್ದು ಇಲ್ಲಿಂದಲೇ.

ಹೆಫೆವೈಜನ್ ಜರ್ಮನಿಯ ಗೋಧಿ ಬಿಯರ್. ಅದಕ್ಕೆ ಹಣ್ಣು ಹಾಕುವುದಿಲ್ಲ, ಮಸಾಲೆಯೂ ಹಾಕುವುದಿಲ್ಲ. ಆದರೂ ಬಾಳೆಹಣ್ಣು, ಲವಂಗದ ವಾಸನೆ. ಎರಡೂ ಯೀಸ್ಟಿನ ಕೆಲಸ. ಗೊನೆ ಹಣ್ಣಾಗುತ್ತಿರುವ ಕತ್ತಲೆ ಕೋಣೆಯ ಬಾಗಿಲು ತೆಗೆದ ಹಾಗೆ ಇರುತ್ತದೆ. ಕೆಲವರಿಗೆ ಇಷ್ಟ. ನನಗೆ ಎರಡನೇ ಗ್ಲಾಸಿಗೆ ಸಾಕಾಗುತ್ತದೆ.

ಸ್ಟೌಟ್ ಕಪ್ಪು. ಬಾರ್ಲಿಯನ್ನು ಕಾಫಿ ಬೀಜದ ಹಾಗೆ ಹುರಿದು ಹಾಕುವುದರಿಂದ ಆ ಬಣ್ಣ, ಆ ರುಚಿ. ಕಪ್ಪಗಿದೆ ಅಂತ ಹೆದರಬೇಡಿ, ಬಹಳಷ್ಟು ಸ್ಟೌಟ್ ಶೇ. 4ರಿಂದ 6ರ ನಡುವೆ ಇರುತ್ತವೆ, ನಮ್ಮ ಹೊಂಬಣ್ಣದ ಸ್ಟ್ರಾಂಗಿಗಿಂತ ಸಾಧು. ಐಪಿಎ ಕಹಿ, ಹಾಪ್ಸಿನ ಜಾತ್ರೆ. ಹಾಗಲಕಾಯಿ ಇಷ್ಟಪಡುವವರಿಗೆ ಬೇಗ ಒಗ್ಗುತ್ತದೆ ಅಂತ ನನ್ನ ಲೆಕ್ಕ, ಶಾಸ್ತ್ರಾಧಾರ ಏನಿಲ್ಲ.

ಇನ್ನೊಂದು ಇದೆ, ಗೋಸೆ. ಜರ್ಮನಿಯ ಹಳೆ ಬಿಯರ್, ಹುಳಿ ಮತ್ತು ಉಪ್ಪು ಎರಡೂ ಇರುತ್ತದೆ, ಜೊತೆಗೆ ಕೊತ್ತಂಬರಿ ಬೀಜ. ಬಿಯರಿಗೆ ಉಪ್ಪು ಅಂದರೆ ಜನ ಮುಖ ಹಿಂಡುತ್ತಾರೆ. ಮುರುಗಲಿನ ಸೋಲಕಡಿ ಕುಡಿದು ಬೆಳೆದ ನಮಗೆ ಏನು ಹೊಸದು? ನಮ್ಮ ದೇಶದ ಪಬ್ಬುಗಳು ಇದಕ್ಕೆ ಆಗಾಗ ಮುರುಗಲು ಹಾಕುತ್ತವೆ. ಬೋರ್ಡಿನಲ್ಲಿ "ಕೋಕಮ್ ಗೋಸೆ" ಕಂಡರೆ ಬಿಡಬೇಡಿ. ಸಾಣಿಕಟ್ಟಾದ ಉಪ್ಪು, ಶಿರಸಿ ಕಾಡಿನ ಮುರುಗಲು ಸೇರಿಸಿ ಯಾರಾದರೂ ನಮ್ಮ ಜಿಲ್ಲೆಯಲ್ಲೇ ಒಂದು ಗೋಸೆ ಮಾಡಲಿ ಅಂತ ನನ್ನ ಹಳೇ ಆಸೆ.

ಮೀನಿನ ಜೊತೆ

ಇದೊಂದು ವಿಷಯದಲ್ಲಿ ಬೆಂಗಳೂರಿನ ಪಬ್ಬುಗಳಿಗೆ ನಾವು ಪಾಠ ಹೇಳಬಹುದು. ಅಲ್ಲಿ ಬಿಯರ್ ಚೆನ್ನಾಗಿರುತ್ತದೆ, ತಟ್ಟೆಯಲ್ಲಿ ಬರುವುದು ಮಾತ್ರ ಫ್ರೆಂಚ್ ಫ್ರೈ.

ರವಾ ಹಚ್ಚಿ ಕಾಯಿಸಿದ ಬಾಂಗ್ಡೆ, ನೊಗ್ಲಿಗೆ ವಿಟ್. ಎಣ್ಣೆಯ ಜಿಡ್ಡನ್ನು ಅದರ ಗುಳ್ಳೆ ತೊಳೆಯುತ್ತದೆ, ಕಿತ್ತಳೆ ಸಿಪ್ಪೆ ನಿಂಬೆ ಹಿಂಡಿದ ಕೆಲಸ ಮಾಡುತ್ತದೆ. ಇಸ್ವಣದ ದಪ್ಪ ತುಂಡಿಗೆ ಕೆಂಪು ಏಲ್ ಒಪ್ಪುತ್ತದೆ, ಅದರ ಮಾಲ್ಟಿನ ಸಿಹಿಗೂ ಮೀನಿನ ಕಾದ ಅಂಚಿಗೂ ಹೊಂದಾಣಿಕೆ. ತೆಪ್ಪಾಲು ಅನ್ನುವ ಮಸಾಲೆ ಕಾಯಿ ಹಾಕಿದ ಖಾರದ ಬಾಂಗ್ಡೆ ಸಾರಿನ ಜೊತೆ ಐಪಿಎ ತರಿಸಬೇಡಿ. ಕಹಿ ಖಾರವನ್ನು ಹೆಚ್ಚು ಮಾಡುತ್ತದೆ, ತೆಪ್ಪಾಲಿನ ಜುಮ್ಮು ಸೇರಿದರೆ ನಾಲಿಗೆಗೆ ಏನೂ ತಿಳಿಯುವುದಿಲ್ಲ. ಅಲ್ಲಿ ಬರೀ ಲಾಗರ್ ಸಾಕು, ಅಥವಾ ನೀರು.

ಎಲ್ಲಕ್ಕಿಂತ ಒಳ್ಳೆ ಜೋಡಿ ಬಳಚು ಮತ್ತು ಸ್ಟೌಟ್. ಐರ್ಲೆಂಡಿನಲ್ಲಿ, ಇಂಗ್ಲೆಂಡಿನಲ್ಲಿ ಚಿಪ್ಪಿನ ಮೀನಿಗೆ ಕಪ್ಪು ಬಿಯರ್ ಹಳೆಯ ರೂಢಿ. ಅಘನಾಶಿನಿಯ ಬಳಚಿಗೆ ಕಾಯಿತುರಿ ಹಾಕಿ ಸುಕ್ಕೆ ಮಾಡಿ ಒಂದು ಸ್ಟೌಟ್ ಜೊತೆ ತಿಂದು ನೋಡಿ. ಬಳಚಿನ ಉಪ್ಪು-ಸಿಹಿ, ಸ್ಟೌಟಿನ ಸುಟ್ಟ ಕಹಿ. ಸ್ಟೌಟನ್ನು ಫ್ರಿಜ್ಜಿನಿಂದ ತೆಗೆದು ಹತ್ತು ನಿಮಿಷ ಹೊರಗಿಟ್ಟು ಕುಡಿಯಿರಿ, ತೀರಾ ತಣ್ಣಗಿದ್ದರೆ ರುಚಿ ಬಾಯಿಬಿಡುವುದಿಲ್ಲ.

ಅಪ್ಪೆಮಿಡಿ ಉಪ್ಪಿನಕಾಯಿ ದೂರ ಇಡಿ. ಅದರ ಮುಂದೆ ಯಾವ ಬಿಯರೂ ಉಳಿಯದು. ಹಲಸಿನ ಹಪ್ಪಳ ಎಲ್ಲದಕ್ಕೂ ಆಗುತ್ತದೆ.

ಗೋವಾ: ಹೋಗುವುದು ರೈಲಲ್ಲಿ

ಶಿರವಾಡದಲ್ಲಿರುವ ನಮ್ಮ ಕಾರವಾರ ಸ್ಟೇಷನ್ನಿನಿಂದ ಮಡಗಾಂವಕ್ಕೆ ಸುಮಾರು ಒಂದು ಗಂಟೆ. ಕಾರು ಬೇಡ ಅನ್ನಲು ಕಾರಣ ನಿಮಗೇ ಗೊತ್ತು. ಕುಡಿದು ಓಡಿಸುವಾಗ 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇದ್ದು ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ದಂಡ ಬಿಡಿ, ಹೆದ್ದಾರಿ 66ರಲ್ಲಿ ರಾತ್ರಿ ಮೀನಿನ ಲಾರಿಗಳು ಹೇಗೆ ಬರುತ್ತವೆ ಅಂತ ನೋಡಿದವರು ಕುಡಿದು ಸ್ಟೇರಿಂಗ್ ಹಿಡಿಯುವುದಿಲ್ಲ.

ಗೋವಾದಲ್ಲೇ ತಯಾರಾಗುವ ಬಾಟಲಿ, ಕ್ಯಾನುಗಳನ್ನು ಕೇಳಿ. ಗೋವಾ ಬ್ರೂಯಿಂಗ್ ಕಂಪನಿಯ "ಏಟ್ ಫಿಂಗರ್ ಎಡ್ಡಿ" ಒಂದು ಐಪಿಎ. ಅಂಜುನಾದಲ್ಲಿ ಬದುಕಿದ, 2010ರಲ್ಲಿ ತೀರಿಕೊಂಡ ಹಿಪ್ಪಿಯೊಬ್ಬನ ಅಡ್ಡಹೆಸರು ಅದು. "ಮಾಕಾ ದಿ" ಇನ್ನೊಂದು. ಬೆಂಗಳೂರಿನವರು ಅದನ್ನು ಯಾವುದೋ ಇಟಾಲಿಯನ್ ಹೆಸರು ಅಂದುಕೊಂಡು ಬಾಯಿ ತಿರುಗಿಸಿ ಹೇಳುವುದನ್ನು ಕೇಳಿದ್ದೇನೆ. ಕಾರವಾರದವರಿಗೆ ಅರ್ಥ ಹೇಳಬೇಕಾ? ಕೊಂಕಣಿಯಲ್ಲಿ "ನನಗೆ ಕೊಡು." ಬಾರಿನಲ್ಲಿ "ಮಾಕಾ ದಿ, ಮಾಕಾ ದಿ" ಅಂತ ಎರಡು ಸಲ ಅಂದರೆ ಕೌಂಟರಿನವನೂ ನಗುತ್ತಾನೆ. ಸುಸೆಗಾದೋ ಅಂತಲೂ ಒಂದಿದೆ.

ಇವೆಲ್ಲ ತಯಾರಾಗುವ ಜಾಗಕ್ಕೆ ಹತ್ತಿರದಲ್ಲೇ ಸಿಗುವುದರಿಂದ ತಾಜಾ ಇರುವ ಸಂಭವ ಜಾಸ್ತಿ. ಆದರೂ ತಾರೀಕು ನೋಡಿ. ಮಳೆಗಾಲದಲ್ಲಿ ಪ್ರವಾಸಿಗಳು ಕಮ್ಮಿ, ಬಾಟಲಿ ಕಪಾಟಿನಲ್ಲೇ ಕೂತಿರುತ್ತದೆ.

ಬೆಂಗಳೂರು: ಒಂದು ವಾರಾಂತ್ಯದ ಲೆಕ್ಕ

ಶುಕ್ರವಾರ ಸಂಜೆ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಬೆಂಗಳೂರು. ಶಿರಸಿಯವರಿಗೆ ರೈಲಿಲ್ಲ, ರಾತ್ರಿ ಬಸ್ಸೇ ಗತಿ. ಸ್ನಾನ, ತಿಂಡಿ, ಸ್ವಲ್ಪ ನಿದ್ದೆ. ಪಬ್ಬಿಗೆ ಹನ್ನೆರಡರ ಮೇಲೆ ಹೋಗಿ. ಶನಿವಾರ ರಾತ್ರಿ ಎಂಟಕ್ಕೆ ಹೋದರೆ ಬಾಗಿಲ ಹೊರಗೆ ಹೆಸರು ಬರೆಸಿ ನಿಲ್ಲಬೇಕು, ಒಳಗೆ ಹೋದರೂ ಪಕ್ಕದವರ ಮಾತು ಕೇಳಿಸದು. ಮಧ್ಯಾಹ್ನ ಗಲಾಟೆ ಇಲ್ಲ, ಬಡಿಸುವವರಿಗೂ ನಿಮ್ಮ ಜೊತೆ ಮಾತಾಡಲು ಪುರುಸೊತ್ತು ಇರುತ್ತದೆ.

ಮೊದಲ ದಿನ ಇಂದಿರಾನಗರದ ಟಾಯ್ಟ್. ಮೆಟ್ರೋ ನೇರಳೆ ಮಾರ್ಗದಲ್ಲಿ ಇಂದಿರಾನಗರ ಇಳಿದರೆ ನೂರಡಿ ರಸ್ತೆಯಲ್ಲೇ ಇದೆ. 2010ರಲ್ಲಿ ಶುರುವಾದದ್ದು, ಇವತ್ತಿಗೂ ಜನ ಕಮ್ಮಿಯಾಗಿಲ್ಲ. ಅಲ್ಲಿ ಬಾಸ್ಮತಿ ಬ್ಲಾಂಡ್ ಅಂತ ಅಕ್ಕಿ ಹಾಕಿದ ತಿಳಿ ಬಿಯರ್ ಇದೆ. ಲಾಗರ್ ಬಾಯಿಯವರು ಅದರಿಂದ ಶುರು ಮಾಡಿ, ಟಿನ್‌ಟಿನ್ ಅನ್ನುವ ಗೋಧಿ ಬಿಯರಿಗೆ ಹೋಗಿ, ಕೆಂಪು ಏಲಿಗೆ ಮುಗಿಸಿ. ಅದೇ ದಿನ ಕಾಲು, ತಲೆ ಎರಡೂ ನೆಟ್ಟಗಿದ್ದರೆ ಸಂಜೆ ಮ್ಯಾಗ್ರಾತ್ ರಸ್ತೆಯ ಆರ್ಬರ್. ಅಮೆರಿಕದ ಮಿಶಿಗನ್ನಿನ ಆನ್ ಆರ್ಬರ್ ಊರಿನ ಬ್ರೂವರಿಯ ಬಳಗ, 2012ರಲ್ಲಿ ಇಲ್ಲಿಗೆ ಬಂದದ್ದು. ಅವರ ರೇಜಿಂಗ್ ಎಲಿಫೆಂಟ್ ಐಪಿಎ ಕುಡಿದ ಮೇಲೆ, ಶ್ಯಾಕಿನಲ್ಲಿ ನನಗೆ ಸಿಕ್ಕಿದ್ದು ಏನಾಗಿತ್ತು ಅಂತ ಸ್ಪಷ್ಟವಾಯಿತು.

ಭಾನುವಾರ ಒಂದನ್ನು ಮಾತ್ರ ಆರಿಸಿಕೊಳ್ಳಿ. ಹಾಡು, ಪುಸ್ತಕ ಇಷ್ಟವಾದರೆ ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್. ಗೋಡೆ ತುಂಬ ಪುಸ್ತಕ, ಜಾಜ್ ಕಛೇರಿಗೆಂದೇ ವೇದಿಕೆ. ಸ್ವಲ್ಪ ದುಬಾರಿ. ಮರದ ನೆರಳು, ತೆರೆದ ಜಾಗ ಬೇಕಾದರೆ ಹಳೆ ಮದ್ರಾಸು ರಸ್ತೆಯ ಗೈಸ್ಟ್. ಇವರದು ಪಬ್ಬಿಗಿಂತ ಕಾರ್ಖಾನೆ ಜಾಸ್ತಿ. ಇಲ್ಲಿಂದ ಊರಿನ ಬೇರೆ ಬಾರುಗಳಿಗೂ ಬಿಯರ್ ಪೀಪಾಯಿ ಹೋಗುತ್ತದೆ. ನನಗೆ ಇದೇ ಹಿಡಿಸಿತು, ಇಲ್ಲಿನ ಅಂಕಲ್ ಡಂಕೆಲ್ ಅನ್ನುವ ಕಂದು ಬಿಯರಿನ ದೆಸೆಯಿಂದ. ಎರಡೂ ಕಡೆಯಿಂದ ಮೆಜೆಸ್ಟಿಕ್ ದೂರ, ವಾಪಸ್ಸು ರೈಲು ಸಂಜೆಯೇ. ಮೂರು ಗಂಟೆಗೆ ಬಿಲ್ ಕೇಳಿಬಿಡಿ.

ಕೂತ ಮೇಲೆ ಏನು ಮಾಡಬೇಕು? ಪಿಚರ್, ಅಂದರೆ ದೊಡ್ಡ ಜಗ್ಗು, ತರಿಸಬೇಡಿ. ಅರ್ಧ ಗಂಟೆಯಲ್ಲಿ ಬಿಸಿಯಾಗಿ ಗ್ಯಾಸ್ ಹೋಗುತ್ತದೆ. "ಸ್ಯಾಂಪ್ಲರ್ ಇದೆಯಾ?" ಅಂತ ಕೇಳಿ. ಪುಟ್ಟ ಪುಟ್ಟ ಗ್ಲಾಸುಗಳಲ್ಲಿ ಐದಾರು ಬಗೆ ಬರುತ್ತದೆ. ತಿಳಿಯಿಂದ ಕಪ್ಪಿಗೆ, ಕಡಿಮೆ ಕಹಿಯಿಂದ ಜಾಸ್ತಿ ಕಹಿಗೆ ಹೋಗಿ. ಉಲ್ಟಾ ಹೋದರೆ ಐಪಿಎ ಆದ ಮೇಲೆ ವಿಟ್ ನೀರಿನ ಹಾಗೆ ಅನ್ನಿಸುತ್ತದೆ. ನಡುನಡುವೆ ನೀರು ಕುಡಿಯಿರಿ. ಆಮೇಲೆ ಹಿಡಿಸಿದ್ದನ್ನು ಒಂದು ಗ್ಲಾಸು. ಗ್ಲಾಸು ಎಷ್ಟು ಎಂಎಲ್ ಅಂತ ಮೊದಲೇ ಕೇಳಿಕೊಳ್ಳಿ. ನಮ್ಮ ಬಾರಿನಲ್ಲಿ ಪಿಂಟ್ ಅಂದರೆ 330ರ ಸಣ್ಣ ಬಾಟಲಿ, ಅಲ್ಲಿ ಪಿಂಟ್ ಅಂದರೆ ಅರ್ಧ ಲೀಟರಿನ ಆಸುಪಾಸಿನ ಗ್ಲಾಸು ಬರಬಹುದು.

ಕೇಳಲೇಬೇಕಾದ ಪ್ರಶ್ನೆ ಇನ್ನೊಂದು: "ಇವತ್ತು ಹೊಸದಾಗಿ ಟ್ಯಾಪಿಗೆ ಬಂದದ್ದು ಯಾವುದು?" ಬಡಿಸುವವನಿಗೆ ಗೊತ್ತಿದ್ದರೆ, ಅಥವಾ ಗೊತ್ತಿಲ್ಲದೆ ಒಳಗೆ ಹೋಗಿ ಕೇಳಿಕೊಂಡು ಬಂದರೆ, ಅದು ಒಳ್ಳೆ ಪಬ್. "ಎಲ್ಲಾ ಫ್ರೆಶ್ ಸರ್" ಅಂದರೆ ಒಂದು ಗ್ಲಾಸಿಗೆ ನಿಲ್ಲಿಸಿ. ಮಾರ್ಕೆಟ್ಟಿನಲ್ಲೂ ಹಾಗೇ ಅಲ್ವಾ? ಬುಟ್ಟಿಯ ಮೀನು ತಾಜಾ ಇದ್ದವಳು ತಾನೇ ಕಿವಿರು ಎತ್ತಿ ತೋರಿಸುತ್ತಾಳೆ.

ವಾಪಸ್ಸು ಬರುವಾಗ

ಗೋವಾದಿಂದ ಬಾಟಲಿ ತರಬೇಡಿ. ಪರವಾನಗಿ ಇಲ್ಲದೆ ಗೋವಾ ಮದ್ಯ ಕರ್ನಾಟಕಕ್ಕೆ ತರುವುದು ಅಪರಾಧ, ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಬ್ಯಾಗು ಬಿಚ್ಚಿಸುತ್ತಾರೆ. "ಎರಡೇ ಕ್ಯಾನು ಸರ್, ರುಚಿ ನೋಡಲು" ಅನ್ನುವುದಕ್ಕೆ ಅಲ್ಲಿ ಬೆಲೆ ಇಲ್ಲ. ರೈಲಲ್ಲಿ ಬಂದರೆ ಕಾನೂನು ಬೇರೆ ಆಗುವುದಿಲ್ಲ. ರೈಲಿನೊಳಗೆ ಕುಡಿಯುವುದೂ ಬೇಡ.

ಹೊರಡುವ ಮೊದಲು ಕ್ಯಾಲೆಂಡರ್ ನೋಡಿ. ಅಕ್ಟೋಬರ್ 2 ಡ್ರೈ ಡೇ, ಚುನಾವಣೆಯ ಮತದಾನ ಮುಗಿಯುವ ಹೊತ್ತಿನವರೆಗಿನ 48 ಗಂಟೆಯೂ ಹಾಗೇ. ನಾನೊಮ್ಮೆ ಗಾಂಧಿ ಜಯಂತಿಯ ದಿನ ಇಂದಿರಾನಗರದಲ್ಲಿ ಇಳಿದು, ಬಾಗಿಲು ಹಾಕಿದ ಪಬ್ಬಿನ ಮುಂದೆ ಹತ್ತು ನಿಮಿಷ ನಿಂತು, ಪಕ್ಕದ ದರ್ಶಿನಿಯಲ್ಲಿ ಎರಡು ಫಿಲ್ಟರ್ ಕಾಫಿ ಕುಡಿದು ಬಂದಿದ್ದೇನೆ.